ಅಮೆರಿಕದಲ್ಲಿ ಎಲ್‌ಟಿಡಿ ಕ್ಲೇಮು: ನಿಮ್ಮ ಹಕ್ಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆಯವರಿಗೆ ಬೆನ್ನುಹುರಿಯ ತೊಂದರೆ ಶುರುವಾಗಿ ಕೆಲಸಕ್ಕೆ ಹೋಗೋದು ನಿಂತ ಮೇಲೆ ಲಾಂಗ್ ಟರ್ಮ್ ಡಿಸೆಬಿಲಿಟಿ (ಎಲ್‌ಟಿಡಿ) ವಿಮೆಯ ಕಾಗದಪತ್ರವೆಲ್ಲ ನನ್ನ ಪಾಲಿಗೆ ಬಂತು. ಮೊದಲ ಸಲ ಕ್ಲೇಮು ತಿರಸ್ಕಾರವಾಯಿತು. ಅಪೀಲಿನಲ್ಲಿ ಗೆದ್ದೆವು. ಆಮೇಲೆ ಪರಿಚಯದವರು, ಅವರಿಗೆ ಪರಿಚಯದವರು ಫೋನ್ ಮಾಡಿ ಕೇಳಿದ ಪ್ರಶ್ನೆಗಳೇ ಇವು. ನಾನು ವಕೀಲಳಲ್ಲ. ನಿಮ್ಮ ಪಾಲಿಸಿಯ ಮಾತು ಬೇರೆ ಇದ್ದರೆ ಪಾಲಿಸಿಯದ್ದೇ ಕೊನೆಯ ಮಾತು. ಆದರೂ ಈ ವಿಷಯಗಳು ಮೊದಲ ದಿನವೇ ಗೊತ್ತಿದ್ದಿದ್ದರೆ ನಮಗೆ ಎಷ್ಟೋ ನಿದ್ದೆ ಉಳಿಯುತ್ತಿತ್ತು.

ಎಲ್‌ಟಿಡಿ ಅಂದರೆ ಏನು, ಎಷ್ಟು ಬರುತ್ತದೆ?

ಕಾಯಿಲೆಯಿಂದಲೋ ಅಪಘಾತದಿಂದಲೋ ತಿಂಗಳುಗಟ್ಟಲೆ ಕೆಲಸ ಮಾಡಲಾಗದಿದ್ದರೆ ಸಂಬಳದ ಒಂದು ಭಾಗ ಕೊಡುವ ವಿಮೆ ಇದು. ಕಂಪನಿ ಮೂಲಕ ಸಿಗುವ ಗುಂಪು ಪಾಲಿಸಿಯಲ್ಲಿ ಸಾಮಾನ್ಯವಾಗಿ ಶೇ 60. ಮೇಲೊಂದು ತಿಂಗಳ ಮಿತಿ ಇರುತ್ತದೆ. ಬೋನಸ್, ಸ್ಟಾಕ್ ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಅಂತ ಪಾಲಿಸಿಯಲ್ಲೇ ನೋಡಬೇಕು. ಹಣ ತಕ್ಷಣ ಶುರುವಾಗುವುದಿಲ್ಲ. 90 ಅಥವಾ 180 ದಿನ ಕಾಯಬೇಕು. ಆ ನಡುವಿನ ಹೊತ್ತು ಶಾರ್ಟ್ ಟರ್ಮ್ ಡಿಸೆಬಿಲಿಟಿ, ಉಳಿದ ರಜೆ ಅಂತ ಹೇಗೋ ದಾಟಬೇಕು.

ನನ್ನ ಕ್ಲೇಮಿಗೆ ಯಾವ ಕಾನೂನು ಅನ್ವಯ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಆದರೆ ಮೊದಲು ಕೇಳಬೇಕಾದ್ದು ಇದೇ.

ಖಾಸಗಿ ಕಂಪನಿಯ ಸೌಲಭ್ಯವಾಗಿ ಬಂದ ವಿಮೆಯಾದರೆ ಹೆಚ್ಚಾಗಿ ಎರಿಸಾ ಎಂಬ 1974ರ ಫೆಡರಲ್ ಕಾನೂನಿನಡಿ ಬರುತ್ತದೆ. ಸರ್ಕಾರಿ ನೌಕರರ ಯೋಜನೆ, ಹೆಚ್ಚಿನ ಚರ್ಚ್ ಯೋಜನೆಗಳು ಇದರ ಹೊರಗಿವೆ. ನೀವೇ ಸ್ವಂತಕ್ಕೆ ಕೊಂಡ ಪಾಲಿಸಿಗೆ ಸಾಮಾನ್ಯವಾಗಿ ಆಯಾ ರಾಜ್ಯದ ವಿಮಾ ಕಾನೂನು ಅನ್ವಯಿಸುತ್ತದೆ.

ವ್ಯತ್ಯಾಸ ಸಣ್ಣದಲ್ಲ. ರಾಜ್ಯದ ಕಾನೂನಿನಡಿ ವಿಮಾ ಕಂಪನಿ ಕೆಟ್ಟ ಉದ್ದೇಶದಿಂದ ಹಣ ತಡೆದಿದ್ದರೆ ಅನೇಕ ರಾಜ್ಯಗಳಲ್ಲಿ ಹೆಚ್ಚಿನ ಪರಿಹಾರ ಕೇಳಬಹುದು. ಎರಿಸಾದಲ್ಲಿ ದಂಡದ ರೂಪದ ಪರಿಹಾರ ಇಲ್ಲ. ಸಾಮಾನ್ಯವಾಗಿ ಜ್ಯೂರಿಯೂ ಇರುವುದಿಲ್ಲ. ಗೆದ್ದರೆ ಬರಬೇಕಿದ್ದ ಹಣ ಬರುತ್ತದೆ. ಕೋರ್ಟ್ ಮನಸ್ಸು ಮಾಡಿದರೆ ಬಡ್ಡಿ, ವಕೀಲರ ಫೀಸು ಸಿಗಬಹುದು. ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ಎರಿಸಾ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಬಹುತೇಕ ವಿಮಾ ಕಂಪನಿಯ ಫೈಲಿನಲ್ಲಿ ಆಗಲೇ ಇರುವ ಕಾಗದಗಳನ್ನು ಮಾತ್ರ ನೋಡುತ್ತಾರೆ. ಹೊಸ ಸಾಕ್ಷಿ, ಹೊಸ ಡಾಕ್ಟರ್ ಪತ್ರ ಅಂತ ಆಮೇಲೆ ತಂದರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹಾಗಾಗಿ ಅಪೀಲು ಮುಗಿಯುವಷ್ಟರಲ್ಲಿ ಆ ಫೈಲಿನೊಳಗೆ ಏನಿದೆಯೋ ಅದೇ ನಿಮ್ಮ ಇಡೀ ಕೇಸು. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಈ ಒಂದು ಮಾತಿನ ಮೇಲೇ ನಿಂತಿವೆ.

ಪಾಲಿಸಿ ಪ್ರತಿ ಕೇಳಿದರೆ ಎಚ್‌ಆರ್ ಬರೀ ಎರಡು ಪುಟದ ಬ್ರೋಷರ್ ಕಳಿಸಿದರು. ಸಾಕಾ?

ಸಾಲದು. ಪೂರ್ತಿ ಪಾಲಿಸಿ ಮತ್ತು ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಷನ್ (ಯೋಜನೆಯ ನಿಯಮಗಳ ಸಾರಾಂಶ) ಎರಡನ್ನೂ ಕೇಳಿ. ಬಾಯಲ್ಲಿ ಬೇಡ, ಬರೆದು ಕೇಳಿ. ಪ್ಲಾನ್ ಅಡ್ಮಿನಿಸ್ಟ್ರೇಟರ್‌ಗೆ ಕೇಳಬೇಕು. ಹೆಚ್ಚಾಗಿ ಅದು ನಿಮ್ಮ ಕಂಪನಿಯೇ. ಬರೆದು ಕೇಳಿದ 30 ದಿನದೊಳಗೆ ಕೊಡದಿದ್ದರೆ ಕೋರ್ಟ್ ದಿನಕ್ಕೆ 110 ಡಾಲರ್ ತನಕ ದಂಡ ಹಾಕಬಹುದು. ದಂಡದ ಮಾತೆತ್ತಿ ಜಗಳಕ್ಕೆ ನಿಲ್ಲಬೇಕಿಲ್ಲ. ದಿನಾಂಕ ಹಾಕಿದ ಒಂದು ಈಮೇಲ್ ಸಾಕು, ಸಾಮಾನ್ಯವಾಗಿ ವಾರದಲ್ಲಿ ಬರುತ್ತದೆ.

"ಡಿಸೆಬಲ್ಡ್" ಅಂತ ಯಾವಾಗ ಒಪ್ಪುತ್ತಾರೆ? ಡಾಕ್ಟರ್ ಬರೆದುಕೊಟ್ಟರೆ ಆಯ್ತಲ್ವಾ?

ಆಗುವುದಿಲ್ಲ. ಪಾಲಿಸಿಯಲ್ಲಿ ಆ ಪದಕ್ಕೆ ಕೊಟ್ಟ ಅರ್ಥಕ್ಕೆ ನೀವು ಹೊಂದಬೇಕು. ಮೊದಲ 24 ತಿಂಗಳು ಹೆಚ್ಚಿನ ಪಾಲಿಸಿಗಳು ಕೇಳುವುದು, ನಿಮ್ಮ ಸ್ವಂತ ವೃತ್ತಿಯ ಮುಖ್ಯ ಕೆಲಸಗಳನ್ನು ಮಾಡಲು ಆಗುತ್ತದೆಯೇ ಅಂತ. ಇಲ್ಲೊಂದು ಸಿಕ್ಕು ಇದೆ. ಸ್ವಂತ ವೃತ್ತಿ ಅಂದರೆ ನಿಮ್ಮ ಆಫೀಸಿನ ನಿಮ್ಮ ಕುರ್ಚಿ ಅಲ್ಲ. ದೇಶದಲ್ಲಿ ಆ ವೃತ್ತಿಯನ್ನು ಸಾಮಾನ್ಯವಾಗಿ ಹೇಗೆ ಮಾಡುತ್ತಾರೋ ಹಾಗೆ ಅಂತ ಅನೇಕ ಪಾಲಿಸಿಗಳು ಬರೆದಿರುತ್ತವೆ.

24 ತಿಂಗಳು ದಾಟಿದ ಮೇಲೆ ಪ್ರಶ್ನೆಯೇ ಬದಲಾಗುತ್ತದೆ. ನಿಮ್ಮ ಓದು, ಅನುಭವಕ್ಕೆ ತಕ್ಕ ಯಾವುದಾದರೂ ಕೆಲಸ ಮಾಡಬಲ್ಲಿರಾ ಅಂತ ನೋಡುತ್ತಾರೆ. ಎರಡು ವರ್ಷ ಸರಾಗವಾಗಿ ಬಂದ ಹಣ ಇದೇ ತಿರುವಿನಲ್ಲಿ ನಿಲ್ಲೋದು ಜಾಸ್ತಿ. 18ನೇ ತಿಂಗಳ ಹೊತ್ತಿಗೆ ವಿಮಾ ಕಂಪನಿಯಿಂದ ಫಾರ್ಮುಗಳ ಮಳೆ ಶುರುವಾದರೆ ಗಾಬರಿ ಬೇಡ, ಆದರೆ ಅದು ಯಾಕೆ ಅಂತ ಗೊತ್ತಿರಲಿ.

ಡಾಕ್ಟರ್ ಮಾತಿಗೆ ಎಷ್ಟು ತೂಕ? 2003ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಎರಿಸಾ ಕ್ಲೇಮಿನಲ್ಲಿ ನಿಮಗೆ ಚಿಕಿತ್ಸೆ ಕೊಡುವ ಡಾಕ್ಟರ ಅಭಿಪ್ರಾಯಕ್ಕೆ ವಿಶೇಷ ಮನ್ನಣೆ ಕೊಡಲೇಬೇಕು ಅಂತೇನೂ ಇಲ್ಲ. ಆದರೆ ನಂಬಬಹುದಾದ ಸಾಕ್ಷಿಯನ್ನು ಕಾರಣವಿಲ್ಲದೆ ತಳ್ಳಿಹಾಕುವಂತೆಯೂ ಇಲ್ಲ. ಹಾಗಾಗಿ "ಇವರು ಕೆಲಸ ಮಾಡಲಾರರು" ಅನ್ನುವ ಒಂದು ಸಾಲಿನ ಪತ್ರದಿಂದ ಉಪಯೋಗ ಕಡಿಮೆ. ಒಂದು ಸಲಕ್ಕೆ ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ನಿಮಿಷಕ್ಕೊಮ್ಮೆ ಮಲಗಬೇಕು, ಎಷ್ಟು ಭಾರ ಎತ್ತಬಲ್ಲರು, ಔಷಧಿಯಿಂದ ಮಂಪರು ಬರುತ್ತದೆಯೇ, ತಿಂಗಳಲ್ಲಿ ಎಷ್ಟು ದಿನ ಏಳಲಾಗುವುದಿಲ್ಲ ಅಂತ ಬರೆಸಿಕೊಳ್ಳಿ. ಜೊತೆಗೆ ಎಂಆರ್‌ಐ, ನರಗಳ ಪರೀಕ್ಷೆ, ದೈಹಿಕ ಪರೀಕ್ಷೆಯಲ್ಲಿ ಕಂಡದ್ದು.

ನಮ್ಮ ಡಾಕ್ಟರ್ ನಮ್ಮ ಕಡೆಯೇ ಇದ್ದಾರೆ. ಆದರೂ ಅವರ ನೋಟ್ಸ್ ನಮಗೇ ತಿರುಗುಬಾಣ ಆಗುತ್ತಾ?

ಆಗುತ್ತದೆ. ನಮಗೇ ಆಗಿದೆ.

ಡಾಕ್ಟರ್ ಒಳಗೆ ಬಂದು ಹೇಗಿದ್ದೀರಿ ಅಂತ ಕೇಳುತ್ತಾರೆ. ನಮ್ಮನೆಯವರು ಅಭ್ಯಾಸಬಲದಿಂದ "ಐ ಆಮ್ ಗುಡ್" ಅನ್ನುತ್ತಿದ್ದರು. ಎದುರಿಗೆ ಬಂದವರ ಹತ್ತಿರ ಗೋಳು ಹೇಳಿಕೊಳ್ಳಬಾರದು ಅಂತ ಬೆಳೆದವರು ನಾವು. ಡಾಕ್ಟರ್ ಕಂಪ್ಯೂಟರ್ ಕಡೆ ತಿರುಗಿ "ರೋಗಿ ಚೆನ್ನಾಗಿದ್ದಾರೆ" ಅಂತ ಟೈಪ್ ಮಾಡುತ್ತಿದ್ದರು. ನಾಲ್ಕು ಭೇಟಿಯಲ್ಲಿ ನಾಲ್ಕು ಸಲ ಅದೇ ಸಾಲು. ತಿರಸ್ಕಾರದ ಪತ್ರದಲ್ಲಿ ಆ ನಾಲ್ಕೂ ದಿನಾಂಕಗಳನ್ನು ಸಾಲಾಗಿ ಜೋಡಿಸಿದ್ದರು.

ಇನ್ನೊಂದು ಏಟು ಬಿದ್ದದ್ದು ವಿಮಾ ಕಂಪನಿಯ ದಿನಚರಿ ಫಾರ್ಮಿನಲ್ಲಿ. "ಮನೆಗೆಲಸ ಮಾಡುತ್ತೀರಾ?" ಎದುರಿಗೆ ಎರಡು ಚೌಕ, ಹೌದು ಮತ್ತು ಇಲ್ಲ. ಹಾಸಿಗೆಯ ಮೇಲೆ ಕೂತು ಹತ್ತು ನಿಮಿಷ ಬಟ್ಟೆ ಮಡಚುತ್ತಿದ್ದರಲ್ಲ, ಅದಕ್ಕೆ ಹೌದು ಅಂತ ಗುರುತು ಹಾಕಿದರು. ಮುಗಿಯಿತು, "ಮನೆಗೆಲಸ ಮಾಡುತ್ತಾರೆ" ಆಯಿತು. ಚೌಕ ಚಿಕ್ಕದಿದ್ದರೆ "ಪ್ರತ್ಯೇಕ ಹಾಳೆ ನೋಡಿ" ಅಂತ ಬರೆದು ಹಾಳೆ ಲಗತ್ತಿಸಿ. ಎಷ್ಟು ಹೊತ್ತು, ಆಮೇಲೆ ಏನಾಗುತ್ತದೆ, ಯಾರು ಸಹಾಯ ಮಾಡುತ್ತಾರೆ ಅಂತ ಹೇಳಿ. ಸುಳ್ಳು ಬೇಡ, ಉತ್ಪ್ರೇಕ್ಷೆಯೂ ಬೇಡ. ಇದ್ದದ್ದನ್ನು ಪೂರ್ತಿ ಹೇಳಿದರೆ ಸಾಕು.

ತೀರ್ಮಾನಕ್ಕೆ ಎಷ್ಟು ದಿನ ತೆಗೆದುಕೊಳ್ಳಬಹುದು?

ಎರಿಸಾ ನಿಯಮದ ಪ್ರಕಾರ 45 ದಿನ. ಕಾರಣ ಕೊಟ್ಟು 30 ದಿನ, ಮತ್ತೆ 30 ದಿನ ಮುಂದೂಡಬಹುದು. ಒಟ್ಟು 105. ನಿಮ್ಮಿಂದ ಮಾಹಿತಿ ಬೇಕು ಅಂತ ಗಡುವು ಮುಂದೂಡಿದಾಗ ಗಡಿಯಾರ ನಿಲ್ಲಬಹುದು. ಆ ಮಾಹಿತಿ ಕೊಡಲು ನಿಮಗೆ ಕನಿಷ್ಠ 45 ದಿನ ಕೊಡಬೇಕು.

ತಿರಸ್ಕಾರದ ಪತ್ರ ಬಂದಿದೆ. ಅದರಲ್ಲಿ ಏನೆಲ್ಲ ಇರಲೇಬೇಕು?

ಸುಮ್ನೆ "ಅರ್ಹರಲ್ಲ" ಅಂದರೆ ಆಗುವುದಿಲ್ಲ. ಖಚಿತ ಕಾರಣ, ಪಾಲಿಸಿಯ ಯಾವ ಅಂಶದ ಮೇಲೆ ಹಾಗೆ ಹೇಳಿದ್ದು, ಅಪೀಲಿನ ದಾರಿ ಮತ್ತು ಗಡುವು ಇರಬೇಕು. 2018ರ ಏಪ್ರಿಲ್‌ನಿಂದ ನಿಯಮ ಇನ್ನಷ್ಟು ಬಿಗಿಯಾಗಿದೆ. ನಿಮ್ಮ ಡಾಕ್ಟರ ಅಭಿಪ್ರಾಯವನ್ನು ಯಾಕೆ ಒಪ್ಪಲಿಲ್ಲ, ಸೋಷಿಯಲ್ ಸೆಕ್ಯುರಿಟಿಯವರು (ಸರ್ಕಾರದ ಸಾಮಾಜಿಕ ಭದ್ರತಾ ಇಲಾಖೆ) ನಿಮ್ಮನ್ನು ಡಿಸೆಬಲ್ಡ್ ಅಂತ ಒಪ್ಪಿದ್ದು ವಿಮಾ ಕಂಪನಿಯ ಕೈ ಸೇರಿದ್ದರೆ ಅದನ್ನು ಯಾಕೆ ಒಪ್ಪಲಿಲ್ಲ ಅಂತ ವಿವರಿಸಬೇಕು. ಒಳಗಿನ ಮಾರ್ಗಸೂಚಿ ಬಳಸಿದ್ದರೆ ಅದನ್ನೂ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಹಕ್ಕು ಅಂದರೆ ಕ್ಲೇಮ್ ಫೈಲ್. ನೀವು ಕೇಳಿದರೆ ನಿಮ್ಮ ಕ್ಲೇಮಿಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ಉಚಿತವಾಗಿ ಕೊಡಬೇಕು. ಅವರ ಡಾಕ್ಟರ ವರದಿ, ಫೋನ್ ಮಾತುಕತೆಯ ಟಿಪ್ಪಣಿ, ವೃತ್ತಿ ತಜ್ಞರ ವರದಿ, ಕದ್ದು ತೆಗೆದ ವಿಡಿಯೋ ಇದ್ದರೆ ಅದೂ ಸೇರಿ. ನಮ್ಮ ಫೈಲು 900 ಪುಟದಷ್ಟಿತ್ತು. ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಡಾಕ್ಟರ್ ನಮ್ಮನೆಯವರನ್ನು ನೋಡಿಯೇ ಇರಲಿಲ್ಲ, ಮತ್ತು ಎರಡನೇ ಎಂಆರ್‌ಐ ವರದಿ ಅವರ ಪಟ್ಟಿಯಲ್ಲೇ ಇರಲಿಲ್ಲ. ನಮ್ಮ ಅಪೀಲು ನಿಂತದ್ದೇ ಆ ಎರಡು ಸಾಲಿನ ಮೇಲೆ.

ಅಪೀಲಿಗೆ ಎಷ್ಟು ಸಮಯ? ಬೇಗ ಕಳಿಸಿದರೆ ಒಳ್ಳೆಯದಾ?

ಪತ್ರ ಕೈ ಸೇರಿದ ದಿನದಿಂದ ಕನಿಷ್ಠ 180 ದಿನ. ಪತ್ರ ಬಂದ ದಿನವೇ ಲಕೋಟೆಯ ಮೇಲೆ ದಿನಾಂಕ ಬರೆದಿಡಿ. ಆ ಗಡುವು ತಪ್ಪಿದರೆ ಹೆಚ್ಚಾಗಿ ಕೋರ್ಟಿನ ಬಾಗಿಲೂ ಮುಚ್ಚಿದಂತೆ. ಯಾಕೆಂದರೆ ಮೊದಲು ಅಪೀಲು ಮುಗಿಸಿಯೇ ಮೊಕದ್ದಮೆ ಹಾಕಬೇಕು ಅನ್ನೋದು ರೂಢಿ.

ಬೇಗ ಕಳಿಸೋದು ಒಳ್ಳೆಯದಾ ಅಂದರೆ, ಇಲ್ಲ. ಕೋಪದಲ್ಲಿ ಆ ರಾತ್ರಿಯೇ ಒಂದು ಪುಟದ ಈಮೇಲ್ ಕಳಿಸುವವರೇ ಹೆಚ್ಚು. ನಾನೂ ಬರೆದಿದ್ದೆ, ಪುಣ್ಯಕ್ಕೆ ಕಳಿಸಲಿಲ್ಲ. ವಿಮಾ ಕಂಪನಿ ಅದನ್ನೇ ಅಪೀಲು ಅಂತ ತೆಗೆದುಕೊಂಡು ತೀರ್ಮಾನ ಮಾಡಿಬಿಟ್ಟರೆ ಇದ್ದ ಒಂದೇ ಅವಕಾಶ ಹೋಯಿತು. ಮೊದಲು ಫೈಲು ತರಿಸಿ, ಓದಿ. ಅವರ ವರದಿಯನ್ನು ನಿಮ್ಮ ಡಾಕ್ಟರಿಗೆ ಕೊಟ್ಟು, ಒಂದೊಂದು ಅಂಶಕ್ಕೂ ಉತ್ತರ ಬರೆಸಿ. ಮನೆಯವರು, ಹಳೆಯ ಮ್ಯಾನೇಜರ್, ಜೊತೆ ಕೆಲಸ ಮಾಡಿದವರು ಕಂಡದ್ದನ್ನು ಪತ್ರವಾಗಿ ಕೊಡಲಿ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ದೈಹಿಕ ಸಾಮರ್ಥ್ಯದ ಪರೀಕ್ಷೆಯನ್ನು ನೀವೇ ಮಾಡಿಸಬಹುದು. ನಿಮ್ಮ ಕೆಲಸ ನಿಜವಾಗಿ ಏನು ಬೇಡುತ್ತದೆ ಅಂತಲೂ ಬರೆಯಿರಿ. ಅವರ ಪ್ರಕಾರ ಸಾಫ್ಟ್‌ವೇರ್ ಕೆಲಸ ಅಂದರೆ "ಕೂತು ಮಾಡುವ ಹಗುರ ಕೆಲಸ". ದಿನಕ್ಕೆ ಒಂಬತ್ತು ಗಂಟೆ ಪರದೆ ನೋಡಿ ತಲೆ ಓಡಿಸಬೇಕು ಅನ್ನೋದು ಆ ವಿವರಣೆಯಲ್ಲಿ ಬರುವುದಿಲ್ಲ.

ಅಪೀಲನ್ನು ಅದೇ ವ್ಯಕ್ತಿ ನೋಡಿ ಮತ್ತೆ ಇಲ್ಲ ಅಂದರೆ?

ಹಾಗೆ ಮಾಡುವಂತಿಲ್ಲ. ಮೊದಲು ತಿರಸ್ಕರಿಸಿದವರಾಗಲಿ, ಅವರ ಕೈಕೆಳಗಿನವರಾಗಲಿ ಅಪೀಲು ನೋಡಬಾರದು. ವೈದ್ಯಕೀಯ ವಿಷಯವಿದ್ದರೆ ಮೊದಲ ಸಲ ಇಲ್ಲದ ಬೇರೆ ವೈದ್ಯರನ್ನು ಕೇಳಬೇಕು. ಹೊಸ ವರದಿ ಅಥವಾ ಹೊಸ ಕಾರಣ ಹುಡುಕಿಕೊಂಡರೆ, ಮತ್ತೆ ಇಲ್ಲ ಅನ್ನುವ ಮೊದಲೇ ಅದನ್ನು ನಿಮಗೆ ಕೊಟ್ಟು ಉತ್ತರಿಸಲು ಸಮಯ ಕೊಡಬೇಕು. ತೀರ್ಮಾನಕ್ಕೆ 45 ದಿನ, ವಿಶೇಷ ಸಂದರ್ಭದಲ್ಲಿ ಇನ್ನೊಂದು 45.

ಅಪೀಲೂ ಸೋತರೆ?

ಫೆಡರಲ್ ಕೋರ್ಟಿಗೆ ಹೋಗಬಹುದು. ಗಡುವು ಪಾಲಿಸಿಯಲ್ಲಿರುತ್ತದೆ, ಬಹಳ ಕಡೆ ಮೂರು ವರ್ಷ. ಆದರೆ ಆ ಮೂರು ವರ್ಷ ಅಪೀಲು ಸೋತ ದಿನದಿಂದ ಅಲ್ಲ, ಅದಕ್ಕೂ ಮುಂಚೆ ದಾಖಲೆ ಕೊಡಬೇಕಿದ್ದ ದಿನದಿಂದ ಶುರುವಾಗಿರಬಹುದು. ಅಂಥ ಷರತ್ತು ನಡೆಯುತ್ತದೆ ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಂದು ಸಮಾಧಾನ ಅಂದರೆ, ಈಗ ಅಪೀಲಿನ ತಿರಸ್ಕಾರ ಪತ್ರದಲ್ಲಿ ಆ ಗಡುವು ಮುಗಿಯುವ ತಾರೀಖನ್ನೇ ಬರೆಯಬೇಕು.

ಪಾಲಿಸಿಯಲ್ಲಿ "ತೀರ್ಮಾನ ನಮ್ಮ ವಿವೇಚನೆಗೆ ಬಿಟ್ಟದ್ದು" ಎಂಬ ಅರ್ಥದ ಸಾಲಿದ್ದರೆ ಕೋರ್ಟ್ ಅವರ ತೀರ್ಮಾನ ಸರಿಯಾ ಅಂತ ಹೊಸದಾಗಿ ನೋಡುವುದಿಲ್ಲ, ತೀರಾ ಅವಿವೇಕದ್ದಾ ಅಂತ ಮಾತ್ರ ನೋಡುತ್ತದೆ. ಇದು 1989ರ ತೀರ್ಪಿನಿಂದ ಬಂದ ದಾರಿ. ತೀರ್ಮಾನ ಮಾಡುವವರೂ ಹಣ ಕೊಡಬೇಕಾದವರೂ ಒಬ್ಬರೇ ಆದಾಗ ಆ ಹಿತಾಸಕ್ತಿಯನ್ನೂ ತೂಗಬೇಕು ಅಂತ 2008ರಲ್ಲಿ ಇನ್ನೊಂದು ತೀರ್ಪು ಬಂತು. ಕ್ಯಾಲಿಫೋರ್ನಿಯಾ, ಇಲಿನಾಯ್ ಥರದ ಕೆಲವು ರಾಜ್ಯಗಳು ವಿಮಾ ಪಾಲಿಸಿಯಲ್ಲಿ ಆ ಸಾಲನ್ನೇ ನಿಷೇಧಿಸಿವೆ.

ವಕೀಲರನ್ನು ಯಾವಾಗ ಹಿಡಿಯಬೇಕು?

ತಿರಸ್ಕಾರ ಬಂದ ತಕ್ಷಣ, ಅಪೀಲಿಗೆ ಮುಂಚೆ. ಅಪೀಲು ಸೋತ ಮೇಲೆ ಹೋದರೆ ಅವರಿಗೂ ಸಿಗುವುದು ಮುಚ್ಚಿದ ಫೈಲೇ. ಎರಿಸಾ ಡಿಸೆಬಿಲಿಟಿ ಕೇಸು ಮಾಡುವವರೇ ಬೇಕು. ವೀಸಾ ಕೆಲಸ ಮಾಡಿಕೊಟ್ಟ ವಕೀಲರು ಎಷ್ಟೇ ಒಳ್ಳೆಯವರಾದರೂ ಇದು ಅವರ ಕ್ಷೇತ್ರವಲ್ಲ. ಅನೇಕರು ಗೆದ್ದರೆ ಮಾತ್ರ ಫೀಸು ತೆಗೆದುಕೊಳ್ಳುತ್ತಾರೆ, ಬಂದ ಹಣದ ಮೂರನೇ ಒಂದು ಭಾಗದಿಂದ ಶೇ 40ರವರೆಗೆ. ಮೊದಲ ಮಾತುಕತೆ ಹಲವರಲ್ಲಿ ಉಚಿತ. ಇಬ್ಬರು ಮೂವರ ಹತ್ತಿರ ಮಾತಾಡಿ ನೋಡಿ.

ವಿಮೆಯವರು ನಮ್ಮನ್ನು ಹಿಂಬಾಲಿಸಿ ವಿಡಿಯೋ ತೆಗೆಯುತ್ತಾರಂತೆ, ನಿಜವಾ?

ನಿಜ. ಸಾರ್ವಜನಿಕ ಜಾಗದಲ್ಲಿ ಕಾಣುವುದನ್ನು ಚಿತ್ರೀಕರಿಸಲು ಅವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮನೆಯೊಳಗೆ ಇಣುಕುವಂತಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ನೋಡುತ್ತಾರೆ. ಹಬ್ಬದ ದಿನ ಅರ್ಧ ಗಂಟೆ ನಗುತ್ತಾ ಕೂತ ಫೋಟೊ ಇರುತ್ತದೆ, ಮಾರನೇ ದಿನ ಪೂರ್ತಿ ಮಲಗಿದ್ದರ ಫೋಟೊ ಇರುವುದಿಲ್ಲ. ಡಾಕ್ಟರಿಗೆ ಹೇಳಿದ್ದಕ್ಕೂ ಹೊರಗೆ ಮಾಡುವುದಕ್ಕೂ ತಾಳೆ ಇದ್ದರೆ ವಿಡಿಯೋಗೆ ಹೆದರಬೇಕಿಲ್ಲ.

ಅವರು ಹೇಳಿದ ಡಾಕ್ಟರ ಹತ್ತಿರ ಪರೀಕ್ಷೆಗೆ ಹೋಗಲೇಬೇಕಾ?

ಪಾಲಿಸಿಯಲ್ಲಿ ಹಾಗಿದ್ದರೆ, ಹೆಚ್ಚಾಗಿ ಇರುತ್ತದೆ, ಹೋಗಬೇಕು. ಹೋಗದಿದ್ದರೆ ಅದನ್ನೇ ಕಾರಣ ಮಾಡಿ ಹಣ ನಿಲ್ಲಿಸಬಹುದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದೇ ಅಂತ ಮೊದಲೇ ಕೇಳಿ. ಪರೀಕ್ಷೆ ಶುರುವಾದ ಮತ್ತು ಮುಗಿದ ಸಮಯ, ಏನೇನು ನೋಡಿದರು ಅಂತ ಹೊರಬಂದ ಕೂಡಲೇ ಬರೆದಿಡಿ. ನಮಗೆ ಹನ್ನೊಂದು ನಿಮಿಷದಲ್ಲಿ ಮುಗಿದಿತ್ತು. ವರದಿ ಮಾತ್ರ ಒಂಬತ್ತು ಪುಟ.

ಸೋಷಿಯಲ್ ಸೆಕ್ಯುರಿಟಿ ಡಿಸೆಬಿಲಿಟಿಗೂ ಅರ್ಜಿ ಹಾಕಿ ಅಂತಾರೆ. ಯಾಕೆ?

ವಿಮೆಯವರ ಲಾಭಕ್ಕೆ. ಅಲ್ಲಿಂದ ಬರುವ ಹಣವನ್ನು ಇಲ್ಲಿ ಕಳೆಯುತ್ತಾರೆ. ತಿಂಗಳಿಗೆ 4,800 ಡಾಲರ್ ಎಲ್‌ಟಿಡಿ ಬರಬೇಕು ಅಂದುಕೊಳ್ಳಿ. ಸೋಷಿಯಲ್ ಸೆಕ್ಯುರಿಟಿಯಿಂದ 2,600 ಬಂದರೆ ವಿಮೆಯವರು ಕೊಡುವುದು 2,200. ಮಕ್ಕಳ ಹೆಸರಲ್ಲಿ ಬರುವುದನ್ನೂ ಅನೇಕ ಪಾಲಿಸಿಗಳು ಕಳೆಯುತ್ತವೆ. ಅರ್ಜಿ ಹಾಕದಿದ್ದರೆ ಅಂದಾಜು ಮೊತ್ತ ಕಳೆಯುವ ಷರತ್ತೂ ಇರಬಹುದು.

ಆದರೂ ಹಾಕಿ. ಆ ಹಕ್ಕು ಸಿಕ್ಕು 24 ತಿಂಗಳಾದರೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. ಅಲ್ಲಿ ಗೆದ್ದದ್ದು ಇಲ್ಲೂ ಸಾಕ್ಷಿಯಾಗುತ್ತದೆ. ಆದರೆ ಇದಕ್ಕೆ ಇಲ್ಲಿ ದುಡಿದು ಕಟ್ಟಿದ ಕ್ರೆಡಿಟ್ ಬೇಕು. 31 ದಾಟಿದವರಿಗೆ ಸಾಮಾನ್ಯವಾಗಿ ಹಿಂದಿನ ಹತ್ತು ವರ್ಷದಲ್ಲಿ 20 ಕ್ರೆಡಿಟ್, ಅಂದರೆ ಸುಮಾರು ಐದು ವರ್ಷದ ದುಡಿಮೆ ಇರಬೇಕು. ವಯಸ್ಸಿಗೆ ತಕ್ಕಂತೆ ಒಟ್ಟು ಕ್ರೆಡಿಟ್ 40ರವರೆಗೂ ಬೇಕಾಗುತ್ತದೆ. ಈಚೆಗೆ ಬಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅರ್ಹರಲ್ಲ ಅನ್ನುವ ಪತ್ರ ಬಂದರೆ ಅದನ್ನು ವಿಮೆಯವರಿಗೆ ಕಳಿಸಿ, ಅಂದಾಜಿನಲ್ಲಿ ಕಳೆಯೋದು ನಿಲ್ಲಲಿ.

ಸೋಷಿಯಲ್ ಸೆಕ್ಯುರಿಟಿಯ ಹಳೆಯ ಬಾಕಿ ಒಟ್ಟಿಗೆ ಬಂದಾಗ ಆ ಹಣ ಮುಟ್ಟಬೇಡಿ. ಅದರಲ್ಲಿ ದೊಡ್ಡ ಪಾಲನ್ನು ವಿಮೆಯವರು ವಾಪಸ್ ಕೇಳುತ್ತಾರೆ.

ಖಿನ್ನತೆಗೂ ಹಣ ಕೊಡುತ್ತಾರಾ?

ಕೊಡುತ್ತಾರೆ. ಆದರೆ ಮಾನಸಿಕ ಕಾಯಿಲೆಗೆ 24 ತಿಂಗಳ ಮಿತಿ ಬಹಳಷ್ಟು ಪಾಲಿಸಿಗಳಲ್ಲಿದೆ. ವರ್ಷಗಟ್ಟಲೆ ನೋವು ತಿಂದವರಿಗೆ ಮನಸ್ಸು ಕುಗ್ಗುವುದು ಸಹಜ. ಅದಕ್ಕೆ ಚಿಕಿತ್ಸೆಯೂ ಬೇಕು, ಮುಚ್ಚಿಡಬೇಡಿ. ಕೆಲಸ ನಿಲ್ಲಿಸಿದ್ದು ಯಾವ ದೈಹಿಕ ತೊಂದರೆ ಅಂತ ಡಾಕ್ಟರ್ ಪ್ರತ್ಯೇಕವಾಗಿ, ಸ್ಪಷ್ಟವಾಗಿ ಬರೆಯಲಿ, ಅಷ್ಟೇ.

ಕೆಲಸಕ್ಕೆ ಸೇರುವ ಮುಂಚೆಯೇ ಇದ್ದ ಕಾಯಿಲೆ?

ಸಾಮಾನ್ಯ ಷರತ್ತು ಹೀಗಿರುತ್ತದೆ: ವಿಮೆ ಶುರುವಾಗುವ ಹಿಂದಿನ 3 ತಿಂಗಳಲ್ಲಿ ಚಿಕಿತ್ಸೆ ಪಡೆದ ಕಾಯಿಲೆಯಿಂದ, ವಿಮೆಯ ಮೊದಲ 12 ತಿಂಗಳೊಳಗೆ ಕೆಲಸ ನಿಂತರೆ ಹಣವಿಲ್ಲ. ಆ ವರ್ಷ ದಾಟಿದ ಮೇಲೆ ಈ ಅಡ್ಡಿ ಇಲ್ಲ.

ತೆರಿಗೆ?

ಪ್ರೀಮಿಯಂ ಕಂಪನಿ ಕಟ್ಟಿದ್ದರೆ, ಅಥವಾ ತೆರಿಗೆಗೆ ಮುಂಚಿನ ಸಂಬಳದಿಂದ ಹೋಗಿದ್ದರೆ, ಬರುವ ಹಣಕ್ಕೆ ತೆರಿಗೆ ಇದೆ. ತೆರಿಗೆ ಕಟ್ಟಿದ ಮೇಲಿನ ಹಣದಿಂದ ನೀವೇ ಕಟ್ಟಿದ್ದರೆ ಇಲ್ಲ.

ಕೆಲಸ ಉಳಿಯುತ್ತದಾ? ಎಚ್-1ಬಿ ಗತಿ ಏನು?

ಎಲ್‌ಟಿಡಿ ಹಣ ಕೊಡುತ್ತದೆ, ಕೆಲಸ ಕಾಪಾಡುವುದಿಲ್ಲ. ಕನಿಷ್ಠ 50 ಜನರಿರುವ ಕಂಪನಿಯಲ್ಲಿ ಒಂದು ವರ್ಷ, 1,250 ಗಂಟೆ ದುಡಿದವರಿಗೆ ಎಫ್‌ಎಂಎಲ್‌ಎ ಎಂಬ ರಜೆಯ ಕಾನೂನಿನಡಿ 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ. ಆಮೇಲೆ ಕಂಪನಿ ತೆಗೆದುಹಾಕಬಹುದು. ವಿಮೆ ಜಾರಿಯಲ್ಲಿದ್ದಾಗಲೇ ನೀವು ಡಿಸೆಬಲ್ಡ್ ಆಗಿದ್ದರೆ, ಕೆಲಸ ಹೋದರೂ ಕ್ಲೇಮು ಸಾಮಾನ್ಯವಾಗಿ ಮುಂದುವರಿಯುತ್ತದೆ. ಇದು ಗೊತ್ತಿಲ್ಲದೆ ಕೈಬಿಟ್ಟವರನ್ನು ನೋಡಿದ್ದೇನೆ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರಿಗೆ ಕಷ್ಟ ಜಾಸ್ತಿ. ನೌಕರಿ ಉಳಿದು ಕಾಯಿಲೆ ರಜೆಯಲ್ಲಿದ್ದಷ್ಟು ಕಾಲ ಸ್ಟೇಟಸ್ ಉಳಿಯಬಹುದು. ನೌಕರಿ ಮುಗಿದರೆ ಹೆಚ್ಚೆಂದರೆ 60 ದಿನ. ತಿಂಗಳಿಗೆ ಎಲ್‌ಟಿಡಿ ಚೆಕ್ ಬರುತ್ತಿದೆ ಅನ್ನುವುದು ಇಲ್ಲಿರಲು ಅನುಮತಿಯಲ್ಲ.

ಊರಿಗೆ ವಾಪಸ್ ಹೋದರೆ ಹಣ ಬರುತ್ತಾ?

ಟಿಕೆಟ್ ತೆಗೆಯುವ ಮುಂಚೆ ಪಾಲಿಸಿಯಲ್ಲಿ ಹೊರದೇಶದ ವಾಸದ ಬಗ್ಗೆ ಏನಿದೆ ನೋಡಿ. ಇಷ್ಟು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಹಣ ನಿಲ್ಲುತ್ತದೆ ಅನ್ನುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ. ಆರು ತಿಂಗಳು ಅನ್ನೋದು ಸಾಮಾನ್ಯ. ಅಂಥ ಷರತ್ತು ಇಲ್ಲದಿದ್ದರೂ ತಕ್ಕ ವೈದ್ಯರ ನಿಯಮಿತ ಚಿಕಿತ್ಸೆಯಲ್ಲಿರಬೇಕು ಎಂಬ ಷರತ್ತು ಇದ್ದೇ ಇರುತ್ತದೆ. ಅಲ್ಲಿನ ಡಾಕ್ಟರು ಚೀಟಿಯಲ್ಲಿ ಎರಡು ಮಾತ್ರೆ ಹೆಸರು ಬರೆದು ಕಳಿಸಿದರೆ ಅದು ದಾಖಲೆ ಅಂತ ಯಾರೂ ಒಪ್ಪುವುದಿಲ್ಲ. ನಾವು ಹೋದಾಗ ಪ್ರತಿ ಭೇಟಿಗೂ ದಿನಾಂಕ, ಪರೀಕ್ಷೆಯಲ್ಲಿ ಕಂಡದ್ದು, ಎಷ್ಟು ಹೊತ್ತು ಕೂರಬಲ್ಲರು ಅನ್ನೋದನ್ನೆಲ್ಲ ಇಂಗ್ಲಿಷಿನಲ್ಲಿ ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಬಂದೆವು. ಡಾಕ್ಟರು ನಕ್ಕು, "ಇಷ್ಟೆಲ್ಲ ಯಾಕಮ್ಮಾ?" ಅಂದರು. ಮುಂದಿನ ತಿಂಗಳು ವಿಮೆಯವರು ಕೇಳಿದ್ದು ಅದೇ ಹಾಳೆಗಳನ್ನು.